ಏಳನೇ ಮನೆಯ ಖರ್ಚು

ದೆಹಲಿ
18 ಜನವರಿ 2024

ಪುಷ್ಪಾ,

ಈ ಕಾಗದಕ್ಕೆ ನೀನೇ ಮುದ್ರೆ ಒತ್ತಿ ನೀನೇ ನಿನಗೆ ಬಟವಾಡೆ ಮಾಡಿಕೊಳ್ಳಬೇಕಲ್ಲ ಎಂದು ನೆನೆದು ಬರೆಯುವ ಮೊದಲೇ ನಗು ಬಂತು. ಬೇವಿನದೊಡ್ಡಿಯ ಅಂಚೆ ಕಚೇರಿಯಲ್ಲಿ ಪೋಸ್ಟ್ ಮಾಸ್ಟರ್ ಆಗಿ ನೀನಿದ್ದೀಯ ಎಂದು ಕೊಳ್ಳೇಗಾಲದ ನಮ್ಮ ಕಾಲೇಜಿನ ಮೂರ್ತಿ ಮೇಷ್ಟ್ರು ಹೇಳಿದರು. ಫೋನ್ ನಂಬರ್ ಕೇಳಿದೆ. "ಅಲ್ಲಿ ಸಿಗ್ನಲ್ ಇಲ್ಲಮ್ಮ, ಬರೆದು ಹಾಕು" ಎಂದರು.

ಬಿ.ಕಾಂ. ಮುಗಿಸಿ ಹಾಸ್ಟೆಲ್ ಬಾಗಿಲಲ್ಲಿ ನಾವು ಬೇರೆಯಾಗಿ ಹದಿನಾಲ್ಕು ವರ್ಷ. ನಿನ್ನ ಮೂರು ಕಾಗದಗಳಿಗೆ ನಾನು ಉತ್ತರ ಬರೆಯಲಿಲ್ಲ. ಆ ಮಾತು ಎತ್ತಿದರೆ ಈ ಕಾಗದವೂ ಮುಗಿಯುವುದಿಲ್ಲ. ನೇರವಾಗಿ ಕೆಲಸದ ಮಾತಿಗೇ ಬರುತ್ತೇನೆ, ಬೈದುಕೊ.

ನಾನು ಇಲ್ಲಿ ಒಂದು ಅಧ್ಯಯನ ಸಂಸ್ಥೆಯಲ್ಲಿದ್ದೇನೆ. ಆದಾಯ ತೆರಿಗೆಯನ್ನು ಪೂರ್ತಿ ತೆಗೆದುಹಾಕಿ, ಅದರ ಜಾಗದಲ್ಲಿ ದೇಶಕ್ಕೆಲ್ಲ ಒಂದೇ ಬಳಕೆ ತೆರಿಗೆ ತಂದರೆ ಏನಾಗುತ್ತದೆ ಎಂದು ನಾವು ವರದಿ ಬರೆಯುತ್ತಿದ್ದೇವೆ. ಯಾರು ಎಷ್ಟು ಗಳಿಸಿದರು ಎಂದು ಯಾರೂ ಕೇಳುವುದಿಲ್ಲ. ಅಂಗಡಿಯಲ್ಲಿ ಕೊಂಡಾಗ ಮಾತ್ರ ತೆರಿಗೆ. ಬಡವರು ಬದುಕಲು ಕೊಳ್ಳಲೇಬೇಕಾದ್ದರ ಮೇಲೆ ಬೀಳುವ ತೆರಿಗೆಯನ್ನು ಲೆಕ್ಕ ಹಾಕಿ, ಸರ್ಕಾರ ತಿಂಗಳ ಮೊದಲೇ ಅವರ ಖಾತೆಗೆ ವಾಪಸ್ ಹಾಕಬೇಕು. ಎಷ್ಟು ಹಾಕಬೇಕು ಎಂದು ತಿಳಿಯಬೇಕಾದರೆ ಅವರು ಏನು ಕೊಳ್ಳುತ್ತಾರೆ ಎಂದು ತಿಳಿಯಬೇಕು.

ಯಳಂದೂರು ಕಡೆ ಹನ್ನೆರಡು ಮನೆ, ಧನಗೆರೆಯಲ್ಲಿ ಹನ್ನೆರಡು ಮನೆ ಸಿಕ್ಕಿವೆ. ಕಾಡಂಚಿನ ಹನ್ನೆರಡು ಮನೆ ಬೇಕು. ದಿನಾ ಕೊಂಡದ್ದನ್ನು ಒಂದು ಪುಸ್ತಕದಲ್ಲಿ ಬರೆಯಬೇಕು, ಮನೆಯವರ ವಯಸ್ಸು ಸಹಿತ. ಹೆಸರು ಬೇಡ, ನಂಬರ್ ಸಾಕು. ಮನೆಗೆ ತಿಂಗಳಿಗೆ ಮುನ್ನೂರು ಕೊಡುತ್ತೇವೆ. ನಿನ್ನ ಮಾತಿಗೆ ಅಲ್ಲಿ ಬೆಲೆ ಇದೆ ಎಂದು ಮೇಷ್ಟ್ರು ಹೇಳಿದರು.

ಆಗುತ್ತದಾ?

ಸಿಂಧು

•

ಬೇವಿನದೊಡ್ಡಿ, ಹನೂರು ತಾಲ್ಲೂಕು
2 ಫೆಬ್ರವರಿ 2024

ಸಿಂಧೂ,

ನಿನ್ನ ಅಕ್ಷರ ಬದಲಾಗಿಲ್ಲ. ಲಕೋಟೆಯ ಮೇಲೆ ನೋಡಿದ ಕೂಡಲೇ ಗೊತ್ತಾಯಿತು. ಮಧ್ಯಾಹ್ನದವರೆಗೂ ಒಡೆಯಲಿಲ್ಲ.

ನನ್ನ ಮೂರನೇ ಕಾಗದ ನಮ್ಮ ಮನೆಯವರು ತೀರಿಕೊಂಡಾಗ ಬರೆದದ್ದು. ಅದು ನಿನಗೆ ತಲುಪಿತ್ತು ಎಂದು ಈಗ ಗೊತ್ತಾಯಿತು. ಇರಲಿ.

ಪಿಂಚಣಿ ಹಂಚುವ ದಿನ ಎಲ್ಲರೂ ಇಲ್ಲಿಗೆ ಬರುತ್ತಾರೆ. ಅವತ್ತು ಓದಿ ಹೇಳಿದೆ. ಮೇಕೆ ಕಾಯುವ ಚಿಕ್ಕಸಿದ್ದಯ್ಯ, "ನಾವ್ಯಾವತ್ತು ಇನ್ಕಂಟ್ಯಾಕ್ಸ್ ಕಟ್ಟಿದ್ವಿ ಪೋಸ್ಟಮ್ಮ? ಅದು ಓದ್ರೆಷ್ಟು ಇದ್ರೆಷ್ಟು?" ಎಂದ. "ಅವ್ರು ಕಟ್ತಿದ್ದುದ್ನ ಈಗ ಯಾರ್ ಕಟ್ಟಾದು?" ಎಂದು ಪುಟ್ಟಮಲ್ಲಪ್ಪ ಕೇಳಿದ. ಅವನು ಎಸೆಸೆಲ್ಸಿವರೆಗೆ ಓದಿದವನು. ಮುನ್ನೂರು ರೂಪಾಯಿ ಎಂದದ್ದಕ್ಕೆ ಹನ್ನೆರಡು ಮನೆ ಅಲ್ಲೇ ಒಪ್ಪಿದವು.

ಊರಿಗೆ ಇರುವುದು ಒಂದೇ ಅಂಗಡಿ, ಮಾದಣ್ಣನದು. ಬರೆಯಲು ಬಾರದವರ ಪುಸ್ತಕವನ್ನು ಅವನೇ ಇಟ್ಟುಕೊಂಡು, ಕೊಟ್ಟದ್ದನ್ನು ಕೊಟ್ಟಾಗಲೇ ಬರೆಯುತ್ತಾನಂತೆ. ದುಂಡಗೆ ಬರೆಯುತ್ತಾನೆ. ಅವನಿಗೆ ಆ ಕೆಲಸ ಸಿಕ್ಕಿದ್ದೇ ಒಂದು ದೊಡ್ಡಸ್ತಿಕೆ.

ಏಳನೇ ನಂಬರ್ ದೊಡ್ಡಬಸಮ್ಮನಿಗೆ ಕೊಟ್ಟೆ. ಅರವತ್ತಮೂರು ವರ್ಷ, ಗಂಡ ಇಲ್ಲ, ಒಬ್ಬಳೇ ಇದ್ದಾಳೆ. ಮಗ ಸ್ವಾಮಿ ಗಾರೆ ಕೆಲಸಕ್ಕೆ ಊರೂರು ತಿರುಗುತ್ತಾನೆ. "ನನ್ ಎಸ್ರು ಎಲ್ಲೂ ಬರಾಕಿಲ್ವಾ?" ಎಂದು ಎರಡು ಸಲ ಕೇಳಿದಳು. ಇಲ್ಲ ಎಂದೆ.

ಪ್ರತಿ ತಿಂಗಳೂ ಪುಸ್ತಕಗಳನ್ನು ಕಟ್ಟಿ ರಿಜಿಸ್ಟರ್ ಮಾಡಿ ಕಳಿಸುತ್ತೇನೆ.

ಪುಷ್ಪ

•

ದೆಹಲಿ
9 ಸೆಪ್ಟೆಂಬರ್ 2024

ಪುಷ್ಪಾ,

ಆರು ತಿಂಗಳ ಕಟ್ಟುಗಳು ಬಂದು ಸೇರಿವೆ. ನಿನಗೆ ಹೇಗೆ ಹೇಳಲಿ, ಇಡೀ ದೇಶದಿಂದ ಬಂದ ಪುಸ್ತಕಗಳಲ್ಲಿ ಇಷ್ಟು ಚೊಕ್ಕವಾದವು ಬೇರೆ ಇಲ್ಲ. ಮಾದಣ್ಣನಿಗೆ ನನ್ನ ನಮಸ್ಕಾರ ಹೇಳು. ಒಂದು ಬೆಂಕಿಪೊಟ್ಟಣವನ್ನೂ ಅವರು ಬಿಟ್ಟಿಲ್ಲ.

ನಮ್ಮ ನಿರ್ದೇಶಕರು ಯಾವಾಗಲೂ ಒಂದು ಮಾತು ಹೇಳುತ್ತಾರೆ: ಗಳಿಕೆಯನ್ನು ಬಚ್ಚಿಡಬಹುದು, ಬಳಕೆಯನ್ನು ಬಚ್ಚಿಡಲಾಗದು. ಆದಾಯ ತೆರಿಗೆ ಸೋಲುವುದೂ ಬಳಕೆ ತೆರಿಗೆ ಗೆಲ್ಲುವುದೂ ಅಲ್ಲೇ ಅಂತ. ಈ ಪುಸ್ತಕಗಳನ್ನು ಓದುತ್ತಿದ್ದರೆ ನಿಜ ಅನ್ನಿಸುತ್ತದೆ. ಯಾರ ಮನೆಗೆ ನೆಂಟರು ಬಂದರು, ಯಾರಿಗೆ ಜ್ವರ ಬಂತು, ಯಾರು ಕುಡಿಯುವುದನ್ನು ಬಿಟ್ಟರು, ಎಲ್ಲ ಇಲ್ಲಿ ಕುಳಿತೇ ತಿಳಿಯುತ್ತದೆ.

ಒಂದು ಸಣ್ಣ ಅನುಮಾನವಿದೆ. ಏಳನೇ ಮನೆಯಲ್ಲಿ ಅರವತ್ತಮೂರು ವರ್ಷದ ಹೆಂಗಸು ಒಬ್ಬಳೇ ಎಂದಿದೆ. ಜೂನ್‌ನಿಂದ ಅಕ್ಕಿ, ರಾಗಿ ಎರಡು ಪಟ್ಟಾಗಿದೆ. ಜೂನ್, ಜುಲೈನಲ್ಲಿ ಸ್ಯಾನಿಟರಿ ಪ್ಯಾಡ್ ಬಂದಿದೆ. ಆಗಸ್ಟ್‌ನಲ್ಲಿ ಅದಿಲ್ಲ, ಅದರ ಬದಲು ಹುಳಿ ಮಿಠಾಯಿ ಎಂಟು ಸಲ. ಬೇರೆ ಮನೆಯದು ತಪ್ಪಿ ಇಲ್ಲಿ ಬರೆದಿರಬೇಕು. ಅನುಮಾನದ ಪಟ್ಟಿಯಲ್ಲಿ ಸೇರಿಸಿ ಕೊಳ್ಳೇಗಾಲದ ನಮ್ಮ ಮೇಲ್ವಿಚಾರಕ ಷಡಕ್ಷರಿಗೆ ಕಳಿಸಿದ್ದೇನೆ. ಅವರು ಬಂದು ಕೇಳಿ ಸರಿಪಡಿಸುತ್ತಾರೆ.

ನೀನು ಹೇಗಿದ್ದೀಯ? ಕಟ್ಟಿನ ಜೊತೆ ಒಂದು ಸಾಲೂ ಬರೆಯುವುದಿಲ್ಲ.

ಸಿಂಧು

•

ಬೇವಿನದೊಡ್ಡಿ
17 ಸೆಪ್ಟೆಂಬರ್ 2024

ಸಿಂಧೂ,

ಷಡಕ್ಷರಿ ಬರುವುದು ಬೇಡ. ಇವತ್ತೇ ತಡೆ.

ಅವೆಲ್ಲ ನನಗೆ ತರಿಸಿಕೊಂಡದ್ದು. ನಾನು ದುಡ್ಡು ಕೊಟ್ಟು ದೊಡ್ಡಬಸಮ್ಮನ ಕೈಲಿ ತರಿಸಿದೆ. ಮಾದಣ್ಣ ತಿಳಿಯದೆ ಅವಳ ಪುಸ್ತಕದಲ್ಲಿ ಬರೆದಿದ್ದಾನೆ. ಹಾಗೆಂದು ಬರೆದುಕೊಂಡು ಮುಗಿಸಿಬಿಡು. ಆರು ತಿಂಗಳಿಂದ ನಾನು ಒಂದು ಪುಸ್ತಕವನ್ನೂ ಬಿಚ್ಚಿ ನೋಡದೆ ದಾರ ಕಟ್ಟಿ ಕಳಿಸಿದೆ. ಅದು ನನ್ನ ತಪ್ಪು.

ಉತ್ತರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಹಾಕು.

ಪುಷ್ಪ

•

ದೆಹಲಿ
25 ಸೆಪ್ಟೆಂಬರ್ 2024

ಪುಷ್ಪಾ,

ನಿನ್ನ ಕಾಗದ ಸೇರುವ ಮೊದಲೇ ಷಡಕ್ಷರಿ ನಿಮ್ಮೂರಿಗೆ ಬಂದುಹೋಗಿದ್ದಾರೆ. ಅವರ ಟಿಪ್ಪಣಿ ನನ್ನ ಮುಂದಿದೆ: "ಮೊಣಕಾಲು ನೋವಿಗೆ ಕಟ್ಟಿಕೊಳ್ಳಲು ಬಳಸುತ್ತಾರೆ." ನೀನು ಹೇಳುವುದು ಒಂದು, ಅವರು ಬರೆದಿರುವುದು ಇನ್ನೊಂದು. ಸ್ನೇಹಿತೆ ಹೇಳಿದಳೆಂದು ನಾನು ಅಂಕಿ ತಿದ್ದಲಾರೆ. ನನ್ನ ಕಷ್ಟವನ್ನೂ ಅರ್ಥಮಾಡಿಕೊ.

ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದೀಯ. ಮುಚ್ಚಿಡಬೇಡ ಎಂದು ಕೇಳುವ ಹಕ್ಕು ನನಗಿಲ್ಲ, ಗೊತ್ತು.

ಸಿಂಧು

•

ಬೇವಿನದೊಡ್ಡಿ
3 ನವೆಂಬರ್ 2024

ಸಿಂಧೂ,

ಈ ಕಾಗದವನ್ನು ಕಟ್ಟಿನೊಳಗೆ ಇಡುವುದಿಲ್ಲ. ಬೇರೆಯಾಗಿ, ನಿನ್ನ ಮನೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಓದಿ ಹರಿದುಹಾಕು.

ದೊಡ್ಡಬಸಮ್ಮನ ಮಗ ಸ್ವಾಮಿ ಮೇ ತಿಂಗಳಲ್ಲಿ ಮದುವೆಯಾದ. ಹುಡುಗಿ ಮೀನಾ, ಸತ್ತೇಗಾಲದ ಕಡೆಯವಳು. ಕಬ್ಬು, ಭತ್ತ, ಟಿಪ್ಪರ್ ಲಾರಿ ಎಲ್ಲ ಇರುವ ಮನೆ. ಅವರ ಮನೆ ಕಟ್ಟುವಾಗ ಸ್ವಾಮಿ ಗಾರೆ ಕೆಲಸಕ್ಕೆ ಹೋಗಿದ್ದನಂತೆ. ಅವರ ಬೀದಿ ಬೇರೆ, ಇವರ ಬೀದಿ ಬೇರೆ ಎಂದರೆ ನಿನಗೆ ಸಾಕು. ಜೂನ್‌ನಲ್ಲಿ ಹುಡುಗಿಯನ್ನು ತಾಯಿಯ ಹತ್ತಿರ ಬಿಟ್ಟು ಸ್ವಾಮಿ ತಮಿಳುನಾಡಿನ ಪೆರುಂದುರೈಯ ಮಿಲ್ಲಿಗೆ ಸೇರಿದ. ಅಲ್ಲಿ ಮನೆ ಗೊತ್ತಾದ ಮೇಲೆ ಕರೆದುಕೊಂಡು ಹೋಗುವ ಮಾತು. ಅಲ್ಲಿಯವರೆಗೆ ಅವಳು ಹೊಸ್ತಿಲು ದಾಟುವಂತಿಲ್ಲ. ಪಕ್ಕದ ಮನೆಯವರಿಗೂ ತಿಳಿದಿರಲಿಲ್ಲ. ಮಾದಣ್ಣನಿಗೂ ತಿಳಿದಿರಲಿಲ್ಲ, ಅವನು ಬರೆದ ಅಷ್ಟೆ. ನನಗೆ ತಿಳಿದದ್ದು ನಿನ್ನ ಕಾಗದ ಓದಿ. ಆ ಮನೆಯಲ್ಲಿ ಇನ್ನೊಬ್ಬಳು ಇದ್ದಾಳೆ, ಅವಳು ಬಸುರಿ ಎನ್ನುವುದನ್ನು ದೆಹಲಿಯಿಂದ ನೀನು ನನಗೆ ಬರೆದೆ ಸಿಂಧೂ. ನಿನಗೆ ಮಾತ್ರ ಗೊತ್ತಾಗಲಿಲ್ಲ.

ಷಡಕ್ಷರಿ ಕೆಟ್ಟವರಲ್ಲ. ಬೈಕ್ ಇಳಿದವರು ಅಂಗಡಿ ಮುಂದೆ ನಿಂತು ಪಟ್ಟಿ ತೆಗೆದು, "ಏಳನೇ ನಂಬರ್ ಯಾರ್ರಿ? ಅಜ್ಜಿಗೆ ಪ್ಯಾಡ್ ಯಾತಕ್ಕೆ?" ಎಂದು ಗಟ್ಟಿಯಾಗಿಯೇ ಕೇಳಿದರು. ಜಗಲಿಯ ಮೇಲಿದ್ದವರೆಲ್ಲ ನಕ್ಕರು. ದೊಡ್ಡಬಸಮ್ಮ ಅಲ್ಲೇ ಇದ್ದಳು. "ಮಂಡಿ ನೋವ್ಗೆ ಕಟ್ಕತೀನಿ ಕನಪ್ಪ. ಬೆಚ್ಚಗಿದ್ದದೆ. ನಿಂಗೂ ನೋವಿದ್ರೆ ಕಟ್ಕ" ಎಂದಳು. ಇನ್ನೂ ನಕ್ಕರು. ಷಡಕ್ಷರಿ ಬರೆದುಕೊಂಡು ಹೋದರು. ಹೋದವರು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಅದನ್ನೇ ತಮಾಷೆ ಮಾಡಿ ಹೇಳಿದರಂತೆ, ಊರಿನ ಹೆಸರು ಸಮೇತ. ಅಲ್ಲಿ ಯಾರು ಕುಳಿತಿದ್ದರೋ.

ಒಂಬತ್ತನೇ ದಿನ ಎರಡು ಕಾರು ಬಂದವು. ಮೀನಾಳ ಅಣ್ಣ ಶಂಕರ್, ಅವನ ಜೊತೆ ಆರು ಜನ. ಗಲಾಟೆ ಮಾಡಲಿಲ್ಲ. ಮಾದಣ್ಣನ ಅಂಗಡಿಯಲ್ಲಿ ಸೋಡಾ ಕುಡಿದು, ಚಿಲ್ಲರೆ ಬೇಡ ಎಂದು ಬಿಟ್ಟು, "ಈ ಊರಲ್ಲಿ ಪ್ಯಾಡು ಯಾರ್ ಮನೇಗೆ ಓಯ್ತದೆ?" ಎಂದು ಕೇಳಿದನಂತೆ. ಮಾದಣ್ಣನಿಗೆ ಆ ಕ್ಷಣದಲ್ಲಿ ಎಲ್ಲ ಹೊಳೆದುಹೋಯಿತು. "ಎಲ್ಲಾರ್ ಮನೇಗೂ ಓಯ್ತದೆ ಸಾ. ಎಣ್ಮಕ್ಳು ಇಲ್ದಿರೋ ಮನೆ ಯಾವುದದೆ?" ಎಂದ.

"ಸರ್ವೆ ಬುಕ್ಕು ಬರ್ದೀಯಂತಲ್ಲ. ತೋರ್ಸು."

"ಪೋಸ್ಟಿಗೆ ಓಗ್ಬುಟ್ವು ಸಾ."

"ಬರೋ ತಿಂಗ್ಳು ಬತ್ತೀನಿ. ಹನ್ನೆರಡೂ ಇಲ್ಲೇ ಇರ್ಬೇಕು" ಎಂದು ಮಾದಣ್ಣನ ಭುಜ ತಟ್ಟಿ ಹೋದ.

ಪುಸ್ತಕ ಸುಟ್ಟುಬಿಡೋಣ ಎಂದಳು ದೊಡ್ಡಬಸಮ್ಮ. ಸುಟ್ಟರೆ, ಬಚ್ಚಿಟ್ಟದ್ದು ಇದೆ ಎಂದು ನಾವೇ ಹೇಳಿದಂತೆ. ಪಿಂಚಣಿ ದಿನ ಹನ್ನೆರಡು ಮನೆಯವರೂ ನನ್ನ ಕಚೇರಿಯಲ್ಲಿ ಕುಳಿತರು. ಕೂಲಿಗೆ ಹೋಗುವ ಚಿಕ್ಕಬಸಮ್ಮನಿಗೆ ಮೂವರು ಹೆಣ್ಣುಮಕ್ಕಳು. ಉಪಾಯ ಹೇಳಿದವಳು ಅವಳೇ: "ಒಂದ್ ಮನೇಲಿ ಜಾಸ್ತಿ ಇದ್ರೆ ಕಾಣ್ತದೆ. ಎಲ್ಲಾರ್ ಮನೇಲೂ ಜಾಸ್ತಿ ಇದ್ರೆ ಏನ್ ಕಾಣ್ತದೆ?"

ಅಕ್ಟೋಬರ್ ಪುಸ್ತಕಗಳನ್ನು ಹಾಗೆ ಬರೆದೆವು. ಎಲ್ಲ ಮನೆಗೂ ಅಕ್ಕಿ ಎರಡು ಪಟ್ಟು. ಎಲ್ಲ ಮನೆಗೂ ಪ್ಯಾಡು, ಸೋಪು, ಬಿಸ್ಕತ್ತು, ಹುಳಿ ಮಿಠಾಯಿ, ಕೊಬ್ಬರಿ ಎಣ್ಣೆ. ಒಂಟಿ ಗಂಡಸು ಚಿಕ್ಕಸಿದ್ದಯ್ಯನ ಪುಸ್ತಕದಲ್ಲೂ ಪ್ಯಾಡು ಇದೆ. "ಮೇಕೆಗೆ ಅಂದ್ರಾಯ್ತು" ಎಂದ ಅವನು. ಶಂಕರ್ ಬಂದು ಹನ್ನೆರಡನ್ನೂ ಕುಳಿತು ಓದಿದ. ಒಂದು ಗಂಟೆ ಓದಿದ. ಎದ್ದು ಹೋದ. ಆಮೇಲೆ ಪ್ರತಿ ಭಾನುವಾರ ಒಂದು ಬೈಕ್ ಬಂದು ಅರಳಿಕಟ್ಟೆಯ ಹತ್ತಿರ ನಿಲ್ಲುತ್ತದೆ. ಇಬ್ಬರು ಹುಡುಗರು ಸಂಜೆಯವರೆಗೂ ಕುಳಿತಿದ್ದು ಹೋಗುತ್ತಾರೆ. ಯಾರನ್ನೂ ಮಾತಾಡಿಸುವುದಿಲ್ಲ.

ಆದ್ದರಿಂದ ಇನ್ನು ಮುಂದೆ ಬರುವ ಪುಸ್ತಕಗಳೆಲ್ಲ ಸುಳ್ಳು. ನಿನಗೆ ಹೇಳದೆ ಇರಬಹುದಿತ್ತು. ಹೇಳಿದ್ದೇನೆ.

ಪುಷ್ಪ

•

ದೆಹಲಿ
26 ಫೆಬ್ರವರಿ 2025

ಪುಷ್ಪಾ,

ಮೂರೂವರೆ ತಿಂಗಳು ಉತ್ತರ ಬರೆಯಲಿಲ್ಲ. ನನ್ನ ಹಳೆಯ ರೋಗ ಎಂದುಕೊಂಡಿರುತ್ತೀಯ. ಪ್ರತಿ ತಿಂಗಳೂ ಕಟ್ಟು ಬಂದಾಗ ಬಿಚ್ಚಿ ನೋಡುತ್ತಿದ್ದೆ. ಚಿಕ್ಕಸಿದ್ದಯ್ಯನವರ ಪುಟ ನೋಡಿ ಒಮ್ಮೆ ನಕ್ಕೂ ಬಿಟ್ಟೆ. ಯಾರಿಗೂ ಹೇಳಲಿಲ್ಲ. ವರದಿ ಮುಗಿಯುವುದಿನ್ನೂ ದೂರವಿದೆ ಎಂದು ಸುಮ್ಮನಿದ್ದೆ. ಈಗ ದೂರವಿಲ್ಲ. ಮಾರ್ಚ್ ಇಪ್ಪತ್ತಕ್ಕೆ ಸಹಿ ಹಾಕಬೇಕು.

ಆಗಿರುವುದು ಇದು. ನಮ್ಮ ಭಾಗದ ಕಾಡಂಚಿನ ಊರುಗಳಿಗೆಲ್ಲ ನಿಮ್ಮ ಹನ್ನೆರಡು ಮನೆಯೇ ಮಾದರಿ. ನಿಮ್ಮ ಪುಸ್ತಕಗಳ ಪ್ರಕಾರ ಅಲ್ಲಿಯ ಕೂಲಿಯವರು ಧನಗೆರೆಯ ರೈತರಿಗಿಂತ ಹೆಚ್ಚು ಅಕ್ಕಿ ಕೊಳ್ಳುತ್ತಾರೆ, ಯಳಂದೂರಿನ ನೌಕರರಷ್ಟೇ ಸೋಪು, ಎಣ್ಣೆ ಕೊಳ್ಳುತ್ತಾರೆ. ಇಷ್ಟು ಕೊಳ್ಳುವ ಶಕ್ತಿ ಇರುವವರಿಗೆ ತೆರಿಗೆ ವಾಪಸ್ ಕೊಡುವುದು ಯಾಕೆ ಎಂದು ಕೇಳುತ್ತಾರೆ, ಕೇಳಿದ್ದಾರೆ ಕೂಡ. ಕರಡಿನಲ್ಲಿ ನಿಮ್ಮಂಥ ಊರುಗಳ ಮರುಪಾವತಿ ಅರ್ಧಕ್ಕೆ ಇಳಿದಿದೆ. ತೆರಿಗೆ ಮಾತ್ರ ಪೂರ್ತಿ. ನಾಳೆ ಇದು ಕಾನೂನಾಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಆದ ದಿನ ಇದೇ ಅಂಕಿ ಹಿಡಿದು ಆಗುತ್ತದೆ.

ನನ್ನ ಮುಂದೆ ಎರಡು ದಾರಿ ಇವೆ. ಹನ್ನೆರಡು ಪುಸ್ತಕವನ್ನೂ ತೆಗೆದುಹಾಕಬಹುದು. ತೆಗೆದರೆ ಕಾರಣ ಬರೆಯಬೇಕು. ಸುಳ್ಳು ಎಂದು ಬರೆದರೆ ಷಡಕ್ಷರಿ ಮತ್ತು ಇನ್ನಿಬ್ಬರು ಮನೆ ಮನೆಗೆ ಬಂದು, ಒಳಗೆ ಎಷ್ಟು ಜನ ಇದ್ದಾರೆ, ಅಡುಗೆಮನೆಯಲ್ಲಿ ಏನಿದೆ ಎಂದು ನೋಡಿ ಸಹಿ ಹಾಕುತ್ತಾರೆ. ಅದು ನಿಯಮ. ಇಲ್ಲವಾದರೆ ಹಾಗೇ ಬಿಡಬೇಕು.

ಹುಡುಗಿ ಪೆರುಂದುರೈಗೆ ಹೋದಳಾ? ಹೋಗಿದ್ದರೆ ಒಂದೇ ಸಾಲು ಬರೆ, ನಾಳೆಯೇ ಎಲ್ಲ ತೆಗೆದುಹಾಕುತ್ತೇನೆ. ದಯವಿಟ್ಟು ಹೋಗಿದ್ದಾಳೆ ಎಂದು ಬರೆ.

ಸಿಂಧು

•

ಬೇವಿನದೊಡ್ಡಿ
8 ಮಾರ್ಚ್ 2025

ಸಿಂಧೂ,

ಹೋಗಿಲ್ಲ. ಎಂಟು ತಿಂಗಳು ತುಂಬಿದೆ. ಡಿಸೆಂಬರ್‌ನಲ್ಲಿ ಹೊರಡಿಸಬೇಕೆಂದು ಇದ್ದೆವು. ಆಗಲೇ ತಮಿಳುನಾಡಿಗೆ ದಾಟುವ ಪಾಲಾರ್ ಕಡೆಯ ರಸ್ತೆಯಲ್ಲಿ ಶಂಕರ್‌ನ ಟಿಪ್ಪರ್ ದಿನಾ ನಿಲ್ಲಲು ಶುರುವಾಯಿತು. ಜಲ್ಲಿ ಇಳಿಸಲು ಎನ್ನುತ್ತಾರೆ. ಜಲ್ಲಿ ಇಳಿದದ್ದನ್ನು ಯಾರೂ ನೋಡಿಲ್ಲ. ತಾಯಿ ಕಾರ್ಡನ್ನೂ ಮಾಡಿಸಿಲ್ಲ, ಮಾಡಿಸಿದರೆ ಹೆಸರು ಬರುತ್ತದೆ. ಚಿಕ್ಕಬಸಮ್ಮ ತನ್ನ ದೊಡ್ಡ ಮಗಳ ಹೆಸರಿನಲ್ಲಿ ಕಬ್ಬಿಣದ ಮಾತ್ರೆ ತಂದು ಕೊಡುತ್ತಾಳೆ.

ನಿನ್ನ ಕಾಗದವನ್ನು ನಾನೊಬ್ಬಳೇ ಇಟ್ಟುಕೊಳ್ಳಲು ಆಗಲಿಲ್ಲ. ಅದು ಅವರ ತೆರಿಗೆ. ಹನ್ನೆರಡು ಮನೆಯವರನ್ನೂ ಕರೆದು ಬಾಗಿಲು ಹಾಕಿ ಓದಿದೆ. ಎರಡು ಸಲ ಓದಿದೆ.

ಚಿಕ್ಕಸಿದ್ದಯ್ಯ, "ಅಂದ್ರೆ ನಾವು ಉಣ್ಣದೆ ಇರೋ ಅಕ್ಕಿಗೆ ನಾವೇ ತೆರ್ಗೆ ಕಟ್ಬೇಕಾ?" ಎಂದ.

"ಹೂಂ."

"ವಾಪಸ್ ಬರೋ ದುಡ್ಡೂ ಅರ್ಧ."

"ಹೂಂ."

ದೊಡ್ಡಬಸಮ್ಮ ಮೂಲೆಯಿಂದ ಎದ್ದು ನಿಂತಳು. "ಬುಡ್ರಪ್ಪ, ನನ್ ಮನೆ ವಿಸ್ಯ ನಾನೇ ಏಳ್ಬುಡ್ತೀನಿ. ನನ್ ಸೊಸೆ ಕನಾ ಅವಳು, ನಾನ್ಯಾಕೆ ಬಚ್ಚಿಡ್ಲಿ? ನಿಮ್ ಮಕ್ಳ ಅನ್ನದ ಮ್ಯಾಲೆ ಇದು ಬ್ಯಾಡ" ಎಂದಳು. ಚಿಕ್ಕಬಸಮ್ಮ ಅವಳ ಸೆರಗು ಹಿಡಿದು ಎಳೆದು ಕೂರಿಸಿದಳು. "ಕೂತ್ಕಳವ್ವ. ನೀ ಏಳ್ತೀಯ, ಅವ್ರು ಕಾರ್ ತಕಂಡು ಬತ್ತಾರೆ. ಆಮ್ಯಾಕೆ ಅವ್ಳು ಒಟ್ಟೆ ನೋವಿಂದ ಸತ್ಲು ಅಂತಾರೆ. ನಂಗೂ ಮೂರವೆ."

ಆಗ ಪುಟ್ಟಮಲ್ಲಪ್ಪ ಹೇಳಿದ ಮಾತನ್ನು ನಿನಗೆ ಬರೆಯಲೇಬೇಕು. "ನಮ್ಮೂರ್ದು ನಮ್ ಇಷ್ಟ. ನಮ್ಗೆ ಗೊತ್ತು, ಒಪ್ಕಂಡು ಕಟ್ತೀವಿ. ಈ ಲೆಕ್ಕ ಕಾಡಂಚಿನ ಊರ್ಗೆಲ್ಲ ಬೀಳ್ತದೆ ಅಂದ್ಯಲ್ಲ ಪೋಸ್ಟಮ್ಮ. ಅವ್ರನ್ನ ಯಾರ್ ಕೇಳಿದ್ರು?"

ಹಾಗೆ ಕೇಳಿದ ಪುಟ್ಟಮಲ್ಲಪ್ಪನೇ ಕೊನೆಗೆ ತನ್ನ ಪುಸ್ತಕವನ್ನು ತಾನೇ ಎತ್ತಿ ಕಟ್ಟಿನ ಮೇಲಿಟ್ಟು ಎದ್ದುಹೋದ.

ಹಾಗೇ ಬಿಡು ಎನ್ನುವುದು ಹನ್ನೆರಡು ಮನೆಯವರ ಮಾತು. ನಿನ್ನ ಕೈಯನ್ನು ನಾನು ಹಿಡಿಯುವುದಿಲ್ಲ, ಸಹಿ ನಿನ್ನದು. ಒಂದು ಮಾತ್ರ ಗೊತ್ತಿರಲಿ. ನಿನ್ನ ಕಾಗದ ಓದುವಾಗ ಮೀನಾ ನನ್ನ ಕಚೇರಿಯ ಹಿಂದಿನ ಕೋಣೆಯಲ್ಲೇ ಇದ್ದಳು. ಆ ಮನೆಯಲ್ಲಿ ಇನ್ನು ಬಚ್ಚಿಡುವುದು ಕಷ್ಟ ಎಂದು ಹತ್ತು ದಿನದಿಂದ ಅಲ್ಲೇ ಇದ್ದಾಳೆ. ಎಲ್ಲ ಕೇಳಿಸಿಕೊಂಡಳು. ಎಲ್ಲರೂ ಹೋದ ಮೇಲೆ ಹೊರಗೆ ಬಂದು, "ಅಕ್ಕಾ, ನಾನು ಕಡಿಮೆ ಉಣ್ತೀನಿ" ಎಂದಳು.

ಪುಷ್ಪ

•

ದೆಹಲಿ
20 ಮಾರ್ಚ್ 2025

ಪುಷ್ಪಾ,

ಸಹಿ ಹಾಕಿದೆ. ಹನ್ನೆರಡೂ ಹಾಗೇ ಇವೆ.

ನೂರಹದಿನೆಂಟನೇ ಪುಟದಲ್ಲಿ, ಕಾಡಂಚಿನ ಮನೆಗಳ ಪುಸ್ತಕಗಳು ನಂಬಲರ್ಹ ಎಂದು ಬರೆಯಬೇಕಿತ್ತು. ನಾನೇ ಬರೆದೆ. ನಿರ್ದೇಶಕರು ಸಭೆಯಲ್ಲಿ ಆ ಪುಟವನ್ನೇ ಎತ್ತಿ ಹಿಡಿದು ತೋರಿಸಿ, ಇಷ್ಟು ಅಚ್ಚುಕಟ್ಟಾದ ಊರು ಬೇರೆ ಇಲ್ಲ ಎಂದು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ನಿನ್ನ ಮೂರನೇ ಕಾಗದ ಬಂದಾಗ ನಾನು ಮನೆಯಲ್ಲೇ ಇದ್ದೆ. ಓದಿ, ಏನು ಬರೆಯಲಿ ಎಂದು ತಿಳಿಯದೆ ಪುಸ್ತಕದೊಳಗೆ ಇಟ್ಟೆ. ನಾಳೆ ಬರೆಯೋಣ ಎಂದುಕೊಂಡೆ. ಅಷ್ಟೇ ಆದದ್ದು. ಇದಕ್ಕಿಂತ ದೊಡ್ಡ ಕಾರಣವಿದ್ದಿದ್ದರೆ ನಿನಗೆ ಹೇಳಲು ಸುಲಭವಾಗುತ್ತಿತ್ತು.

ಹೆರಿಗೆಯಾದ ಕೂಡಲೇ ತಿಳಿಸು. ಹೆಸರು ಬರೆಯಬೇಡ. ಸುಖ ಎಂದು ಒಂದು ಕಾರ್ಡ್ ಹಾಕಿದರೆ ಸಾಕು.

ಸಿಂಧು

•

ಬೇವಿನದೊಡ್ಡಿ
14 ಆಗಸ್ಟ್ 2025

ಸಿಂಧೂ,

ಏಪ್ರಿಲ್‌ನಲ್ಲಿ ಹಾಕಿದ ಕಾರ್ಡ್ ತಲುಪಿರಬೇಕು. ಸುಖ ಎಂದಷ್ಟೇ ಬರೆದಿದ್ದೆ. ಉಳಿದದ್ದನ್ನು ಈಗ ಬರೆಯುತ್ತೇನೆ.

ನೋವು ಶುರುವಾದದ್ದು ಬೆಳಗ್ಗೆ ಎಂಟು ಗಂಟೆಗೆ. ಹನೂರು ಕಡೆ ಹೋಗುವಂತಿಲ್ಲ, ಆ ದಾರಿ ಪೂರ್ತಿ ಅವರದು. ಪಾಲಾರ್ ದಾಟಿಸಬೇಕು. ಮಾದಣ್ಣನ ಲಗೇಜ್ ಆಟೋದಲ್ಲಿ ಈರುಳ್ಳಿ ಮೂಟೆ ಸುತ್ತ ಜೋಡಿಸಿ ನಡುವೆ ಮಲಗಿಸಿದೆವು. ದೊಡ್ಡಬಸಮ್ಮ ತಲೆ ಹಿಡಿದು ಕುಳಿತಳು. ಮುಂದೆ ನಾನು, ಮಡಿಲಲ್ಲಿ ಅಂಚೆ ಚೀಲ. ತಿರುವಿನಲ್ಲಿ ಟಿಪ್ಪರ್ ನಿಂತೇ ಇತ್ತು. ಅದರಿಂದ ಇಳಿದ ಹುಡುಗ ಕೈ ಅಡ್ಡ ಹಿಡಿದ. "ಎಲ್ಗೆ ಪೋಸ್ಟಮ್ಮ, ಈರುಳ್ಳಿ ಜೊತೇಲಿ?" ಎಂದ. "ಬಸ್ ತಪ್ಪೋಯ್ತು ಕನಪ್ಪ, ಚೀಲ ಲೇಟಾದ್ರೆ ಕೆಲ್ಸ ಓಯ್ತದೆ" ಎಂದೆ. ಅವನು ಹಿಂದಕ್ಕೆ ಹೋಗಿ ಒಂದು ಮೂಟೆಯ ಮೇಲೆ ಕೈ ಇಟ್ಟ. ಸಿಂಧೂ, ಆ ಹುಡುಗಿ ಉಸಿರೂ ಬಿಡಲಿಲ್ಲ. ತುಟಿ ಕಚ್ಚಿ ರಕ್ತ ಬಂದಿತ್ತು ಎಂದು ಆಮೇಲೆ ದೊಡ್ಡಬಸಮ್ಮ ಹೇಳಿದಳು. ಹುಡುಗ ಮೂಟೆ ತಟ್ಟಿ ದಾರಿ ಬಿಟ್ಟ ಮೇಲೆ ಚೆಕ್‌ಪೋಸ್ಟ್ ದಾಟಿ ಕೊಳತ್ತೂರಿನ ಆಸ್ಪತ್ರೆ ಸೇರಿದೆವು. ಮಧ್ಯಾಹ್ನ ಹೆಣ್ಣು ಮಗು ಆಯಿತು. ಸ್ವಾಮಿ ಸಂಜೆಗೆ ಬಂದ. ಮೂರನೇ ದಿನ ತಾಯಿ ಮಗುವನ್ನು ಕರೆದುಕೊಂಡು ಹೋದ. ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಪೆರುಂದುರೈಯನ್ನೂ ಬಿಟ್ಟಿದ್ದಾರೆ ಎಂದು ಮಾತ್ರ ಗೊತ್ತು.

ಶಂಕರ್‌ಗೆ ಹುಡುಗಿ ದಾಟಿಹೋದದ್ದು ಇನ್ನೂ ಗೊತ್ತಾದಂತಿಲ್ಲ. ಅಥವಾ ಗೊತ್ತಾಗಿಯೂ, ಎಂದಾದರೂ ಈ ಮನೆಯಿಂದಲೇ ದಾರಿ ಸಿಗುತ್ತದೆ ಎಂದು ಕಾಯುತ್ತಿದ್ದಾನೆ. ಭಾನುವಾರದ ಬೈಕ್ ತಪ್ಪಿಲ್ಲ.

ಈಗ ನಿನಗೆ ಗೊತ್ತಿರುವ, ನೀನು ನನಗೆ ಬರೆಯದೆ ಇರುವ ಸಂಗತಿ. ನಿಮ್ಮ ವರದಿಯಲ್ಲಿ ಹೊಗಳಿದ ಊರೆಂದು ಪ್ರಯೋಗಕ್ಕೆ ನಮ್ಮೂರನ್ನೇ ಆರಿಸಿದ್ದಾರಂತೆ. ಜುಲೈನಲ್ಲಿ ಯಾವುದೋ ಕಂಪನಿಯವರು ಬಂದು ಮಾದಣ್ಣನ ಗಲ್ಲಾ ಪಕ್ಕದಲ್ಲಿ ಒಂದು ಮಿಷನ್ ಕೂರಿಸಿದರು. ಅಂಗಡಿ ಮೇಲೆ ಕಂಬ ನೆಟ್ಟು ಸಿಗ್ನಲ್ಲನ್ನೂ ತಂದರು. ತೆರಿಗೆ ಇನ್ನೂ ಇಲ್ಲ, ಅಳತೆ ಮಾತ್ರ ಎನ್ನುತ್ತಾರೆ. ಯಾರು ಏನು ಕೊಂಡರೂ ಮೊದಲು ಮನೆಯ ನಂಬರ್ ಒತ್ತಬೇಕು; ಹನ್ನೆರಡು ಮನೆಗೆ ಹಳೆಯ ನಂಬರೇ, ನನಗೂ ಒಂದು ಕೊಟ್ಟಿದ್ದಾರೆ. ಒತ್ತದೆ ಸಾಮಾನು ಕೊಟ್ಟರೆ ಅಂಗಡಿಗೆ ದಂಡ. ಪುಸ್ತಕವಾಗಿದ್ದರೆ ನಾವು ಕುಳಿತು ಬರೆಯಬಹುದಿತ್ತು. ಇದರ ಮುಂದೆ ಮಾದಣ್ಣನ ದುಂಡು ಅಕ್ಷರಕ್ಕೆ ಕೆಲಸವಿಲ್ಲ. ಮಿಷನ್ ನೋಡಿಕೊಳ್ಳಲು ವಾರಕ್ಕೊಮ್ಮೆ ಬರುವ ಹುಡುಗ ಸತ್ತೇಗಾಲದವನು, ಶಂಕರ್‌ನ ಕಡೆಯ ಊರು. ಯಾರ ಕಡೆಯವನೋ ನಾವು ಕೇಳಿಲ್ಲ. ಕೇಳಿ ಏನು ಮಾಡುವುದು?

ನಿನ್ನೆ ನಾನು ಅಂಗಡಿಯಲ್ಲಿದ್ದಾಗ ದೊಡ್ಡಬಸಮ್ಮ ಬಂದಳು. ಪಿಂಚಣಿ ಬಂದಿತ್ತು. ಮೊಮ್ಮಗಳನ್ನು ಅವಳು ನೋಡಿದ್ದು ಮೂರೇ ದಿನ. ಸ್ವಾಮಿಯ ಸ್ನೇಹಿತನೊಬ್ಬ ಸೋಮವಾರ ಆ ಕಡೆ ಹೋಗುತ್ತಾನಂತೆ. ಅವನ ಕೈಲಿ ಏನಾದರೂ ಕಳಿಸಬೇಕೆಂದು ಅವಳ ಆಸೆ. ಒಂದು ಕಾಡಿಗೆ ಡಬ್ಬಿ ತೆಗೆದುಕೊಂಡಳು. ಕೆಂಪು ಉಲ್ಲನ್ ಟೋಪಿ ತೆಗೆದುಕೊಂಡು ಮುಷ್ಟಿಗೆ ಹಾಕಿ ಅಳತೆ ನೋಡಿದಳು. ಕರಿಮಣಿಯ ಪುಟ್ಟ ಕೈಬಳೆ ಎರಡು. ಎಲ್ಲವನ್ನೂ ಗಲ್ಲಾ ಮೇಲೆ ಸಾಲಾಗಿ ಇಟ್ಟಳು.

ಮಾದಣ್ಣ ಕೈ ಮಿಷನ್ ಮೇಲಿಟ್ಟು ತಲೆ ತಗ್ಗಿಸಿದ. "ಯೋಳಮ್ಮ, ನಂಬರ್ ಒತ್ಲಾ?" ಎಂದ, ಬಹಳ ಮೆಲ್ಲಗೆ.

ನಾನು ನನ್ನ ನಂಬರ್ ಒತ್ತು ಎನ್ನಬೇಕೆಂದು ಬಾಯಿ ತೆರೆದೆ. ನಾನೂ ಗಂಡನಿಲ್ಲದ ಒಂಟಿ ಹೆಂಗಸು. ಕೂಸಿನ ಟೋಪಿ ನನ್ನ ನಂಬರಿಗೂ ಒಪ್ಪುವುದಿಲ್ಲ. ಚಿಕ್ಕಬಸಮ್ಮನಿಗೆ ಇರುವುದು ಮದುವೆಯಾಗದ ಮೂವರು ಹೆಣ್ಣುಮಕ್ಕಳು. ಹನ್ನೆರಡು ಮನೆಯಲ್ಲಿ ಒಂದು ವರ್ಷದ ಒಳಗಿನ ಕೂಸು ಯಾರ ಮನೆಯಲ್ಲೂ ಇಲ್ಲ. ನಿಂತಲ್ಲೇ ಎಲ್ಲ ಮನೆಯನ್ನೂ ಲೆಕ್ಕ ಹಾಕಿದೆ.

ದೊಡ್ಡಬಸಮ್ಮ ಮಿಷನ್ನನ್ನು ನೋಡಿದಳು, ನನ್ನನ್ನು ನೋಡಿದಳು. ಟೋಪಿಯನ್ನು ಮಡಚಿ ಕವರ್‌ನೊಳಗೆ ಮೊದಲಿದ್ದ ಹಾಗೇ ಇಟ್ಟಳು. ಬಳೆಯನ್ನು ಮೊಳೆಗೆ ನೇತುಹಾಕಿದಳು. ಕಾಡಿಗೆ ಡಬ್ಬಿಯನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದು ಅದನ್ನೂ ಇಟ್ಟಳು.

"ಬ್ಯಾಡ ಕನಪ್ಪ" ಎಂದಳು. "ಅರ್ಧ ಕೇಜಿ ಉಪ್ಪು ಕೊಡು."

ಮಾದಣ್ಣ ಏಳು ಒತ್ತಿದ.

ಪುಷ್ಪ